ಒಂದೆರಡು ಮನೆ ಬಾಡಿಗೆಗೆ ಕೊಡುವವರಿಗೆ ಸಮಗ್ರ ಮಾರ್ಗದರ್ಶಿ: ಲೆಕ್ಕ, ಕರಾರು, ಅಡ್ವಾನ್ಸ್

ಬೆಂಗಳೂರಿನ 30×40 ಸೈಟಿನ ಮಾಲೀಕ ಮೊದಲ ತಪ್ಪು ಮಾಡುವುದು ಬಾಡಿಗೆದಾರ ಬರುವುದಕ್ಕೂ ಮುಂಚೆ. ಇನ್ನೂ ಕೈಗೆ ಬಾರದ ಅಡ್ವಾನ್ಸ್ ಹಣವನ್ನು ನಂಬಿ ಟೈಲ್ಸ್ ಅಂಗಡಿಯವನಿಗೆ ಮಾತು ಕೊಟ್ಟುಬಿಟ್ಟಿರುತ್ತಾನೆ. ನಾನೂ ಹಾಗೆ ಶುರು ಮಾಡಿದವನೇ. ಕೆಳಗೆ ನಾವು, ಮೇಲೆ ಎರಡು ಮನೆ. ಮೊದಲ ಬಾಡಿಗೆದಾರರಿಗೆ ಎಂಟೇ ತಿಂಗಳಲ್ಲಿ ವರ್ಗವಾಯಿತು. ಅವರು ಅಡ್ವಾನ್ಸ್ ಕೇಳಿದ ದಿನ ಅದು ನಮ್ಮ ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡಿತ್ತು. ಭಾವಮೈದುನನ ಹತ್ತಿರ ಕೈಸಾಲ ಮಾಡಿ ಕೊಟ್ಟು ಕಳಿಸಿದೆ.

ಈ ಬರಹ ಹತ್ತು ಫ್ಲ್ಯಾಟ್ ಇರುವವರಿಗಲ್ಲ. ಮೇಲೊಂದು ಮನೆ ಕಟ್ಟಿಸಿದವರಿಗೆ, ಪಿಎಫ್ ಹಣದಲ್ಲಿ ಒಂದು ಫ್ಲ್ಯಾಟ್ ಕೊಳ್ಳಲು ಹೊರಟವರಿಗೆ, ಅಪ್ಪ ಬಿಟ್ಟುಹೋದ ಮೈಸೂರಿನ ಮನೆಯನ್ನು ದೂರದ ಊರಿನಿಂದ ನೋಡಿಕೊಳ್ಳುತ್ತಿರುವವರಿಗೆ.

ಕೊಳ್ಳುವುದೋ, ಕಟ್ಟುವುದೋ

ಪೆನ್ನು ಹಿಡಿದು ಕೂತು ಲೆಕ್ಕ ಹಾಕಿ. 60 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್, ತಿಂಗಳಿಗೆ 18,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,16,000, ಅಂದರೆ ಹಾಕಿದ ದುಡ್ಡಿಗೆ ನೂರಕ್ಕೆ 3.6. ಇದರಲ್ಲಿ ಒಂದು ತಿಂಗಳು ಖಾಲಿ ಬಿದ್ದದ್ದು, ಆಸ್ತಿ ತೆರಿಗೆ, ಗೀಸರ್ ಕೆಟ್ಟದ್ದು, ಸೋರಿದ ಪೈಪು ಎಲ್ಲ ಕಳೆದರೆ ಕೈಗುಳಿಯುವುದು ಹೆಚ್ಚುಕಡಿಮೆ ಮೂರು. ಅದೇ ಫ್ಲ್ಯಾಟಿಗೆ 45 ಲಕ್ಷ ಸಾಲವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 39,000. ಬಾಡಿಗೆ ಬಂದರೂ ತಿಂಗಳು ತಿಂಗಳೂ 21,000 ನಿಮ್ಮ ಜೇಬಿನಿಂದಲೇ ಹೋಗಬೇಕು. ‘ಬಾಡಿಗೆಯೇ ಕಂತು ಕಟ್ಟುತ್ತೆ ಸಾರ್’ ಎನ್ನುವ ಬ್ರೋಕರ್‌ಗೆ ಈ ಲೆಕ್ಕ ತೋರಿಸಿ.

ನೋಂದಣಿ ಖರ್ಚು ಬೇರೆ. ಕರ್ನಾಟಕದಲ್ಲಿ ಇಷ್ಟು ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು 2 ಆಯಿತು. ಒಟ್ಟು ಶೇ. 7.6. 60 ಲಕ್ಷಕ್ಕೆ 4,56,000. ಎರಡು ವರ್ಷದ ಬಾಡಿಗೆ ಉಪನೋಂದಣಿ ಕಚೇರಿಯಲ್ಲೇ ಕರಗಿತು. ಇನ್ನೊಂದು ಮಾತು: 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಂಡರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ಮರೆತರೆ ನೋಟಿಸ್ ನಿಮಗೇ ಬರುತ್ತದೆ.

ಈಗ ಇನ್ನೊಂದು ಲೆಕ್ಕ. ಸ್ವಂತ ಮನೆಯ ಮೇಲೆ 600 ಚದರಡಿಯ ಒಂದು ಮನೆ. ಚದರಡಿಗೆ 2,200 ಹಿಡಿದರೂ 13.2 ಲಕ್ಷ. ಬಾಡಿಗೆ 12,000 ಬಂದರೆ ವರ್ಷಕ್ಕೆ 1,44,000, ಸುಮಾರು ಶೇ. 11. ಜಾಗದ ಬೆಲೆ ಇದರಲ್ಲಿ ಸೇರಿಲ್ಲ, ನಿಜ. ಆದರೆ ಜಾಗ ಹೇಗೂ ನಿಮ್ಮದೇ. ಅದಕ್ಕೇ ನನ್ನ ಅಭಿಪ್ರಾಯ: ಬಾಡಿಗೆಯ ಆದಾಯವೇ ಗುರಿಯಾದರೆ ದೂರದ ಫ್ಲ್ಯಾಟಿಗಿಂತ ತಲೆಯ ಮೇಲಿನ ಮಾಳಿಗೆ ಲೇಸು. ಫ್ಲ್ಯಾಟ್ ಕೊಳ್ಳುವವರು ಬಾಡಿಗೆ ನೆಚ್ಚಿ ಕೊಳ್ಳಬಾರದು. ಮುಂದೆ ಬೆಲೆ ಏರುತ್ತದೆಂದೋ ಮಗಳು ಬಂದು ಇರುತ್ತಾಳೆಂದೋ ಕೊಳ್ಳಬೇಕು.

ಕಟ್ಟುವ ಮೊದಲು ಎರಡು ಕೆಲಸ. ಕೆಳಗಿನ ಕಂಬ, ಪಾಯ ಇನ್ನೊಂದು ಅಂತಸ್ತು ಹೊರುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಮೇಸ್ತ್ರಿಯ ಮಾತೊಂದೇ ಸಾಲದು. ಮಂಜೂರಾದ ನಕ್ಷೆಯಲ್ಲಿ ಆ ಅಂತಸ್ತು ಇದೆಯೇ ನೋಡಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಒಸಿ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ಹೊಸ ಕರೆಂಟ್ ಸಂಪರ್ಕ ಸಿಗುವುದು ಕಷ್ಟವಾಯಿತು. ನಿಮ್ಮ ಸೈಟಿನ ಅಳತೆಗೆ ಈಗ ಯಾವ ನಿಯಮ, ಯಾವ ವಿನಾಯಿತಿ ಎಂಬುದನ್ನು ಬೆಸ್ಕಾಂ ಉಪವಿಭಾಗದಲ್ಲಿ ಕೇಳಿಕೊಂಡೇ ಜಲ್ಲಿ ಇಳಿಸಿ.

ಕೊಳ್ಳುವವರು ನೋಡಬೇಕಾದ ಕಾಗದ

ಇದನ್ನು ವಕೀಲರಿಗೆ ಬಿಡುವುದೇ ಒಳ್ಳೆಯದು, ಅವರ ಫೀಸು ನೋಂದಣಿ ಖರ್ಚಿನ ಮುಂದೆ ಏನೂ ಅಲ್ಲ. ಆದರೂ ನಿಮ್ಮ ಕಣ್ಣಿಗೆ ಬೀಳಬೇಕಾದವು ಇವು: ತಾಯಿಪತ್ರದಿಂದ (ಆಸ್ತಿಯ ಮೂಲ ಹಕ್ಕುಪತ್ರ) ಇವತ್ತಿನ ಮಾಲೀಕರವರೆಗೆ ಕೊಂಡಿ ತಪ್ಪದ ಕ್ರಯಪತ್ರಗಳು, ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಇಸಿ), ಖಾತೆ (ಆಸ್ತಿ ತೆರಿಗೆಗಾಗಿ ಪಾಲಿಕೆ ಇಡುವ ದಾಖಲೆ), ಕಟ್ಟಿದ ತೆರಿಗೆ ರಸೀದಿ. ಇಸಿ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲೇ ಸಿಗುತ್ತದೆ, ಹಳೆಯ ವರ್ಷಗಳದ್ದಕ್ಕೆ ಕಚೇರಿಯ ಮೆಟ್ಟಿಲು ಹತ್ತಬೇಕಾದೀತು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿ ಇಲ್ಲ. ಬಿ ಖಾತೆಯ, ಅಂದರೆ ನಿಯಮ ಪೂರ್ತಿ ಪಾಲಿಸದ ಆಸ್ತಿಗಳ ಪಟ್ಟಿಯಲ್ಲಿರುವ, ಮನೆ ಅಗ್ಗವಾಗಿ ಕಾಣುತ್ತದೆ. ಎಷ್ಟೋ ಬ್ಯಾಂಕುಗಳು ಅದಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ನಾಳೆ ನಿಮ್ಮಿಂದ ಕೊಳ್ಳುವವರಿಗೂ ಅದೇ ಪಾಡು.

ಮೀಟರು, ಮೋಟಾರು, ನೀರು

ಮಾಲೀಕರ ಜೊತೆ ಬಾಡಿಗೆದಾರರ ಜಗಳ ಬಾಡಿಗೆಗಾಗಿ ನಡೆಯುವುದು ಕಡಿಮೆ, ನೀರಿಗಾಗಿ ನಡೆಯುವುದೇ ಹೆಚ್ಚು. ಮನೆ ಕಟ್ಟಿಸುವಾಗಲೇ ಪ್ರತಿ ಮನೆಗೂ ಬೇರೆ ಕರೆಂಟ್ ಮೀಟರು, ಬೇರೆ ಆರ್‌ಆರ್ ಸಂಖ್ಯೆ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಮಾಡಿಸಿ. ಗೃಹಜ್ಯೋತಿ ಬಂದ ಮೇಲಂತೂ ಇದು ಕಡ್ಡಾಯದಷ್ಟೇ ಮುಖ್ಯ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಪಡೆಯಬಹುದು. ಎರಡು ಮನೆಗೆ ಒಂದೇ ಮೀಟರು ಇದ್ದರೆ ಯೂನಿಟ್ ಮೀರಿ ಇಬ್ಬರಿಗೂ ಪೂರ್ತಿ ಬಿಲ್ಲು. ‘ಕರೆಂಟ್ ಫ್ರೀ ಇದೆಯಾ?’ ಎಂಬುದು ಈಗ ಮನೆ ನೋಡಲು ಬಂದವರ ಎರಡನೆಯ ಪ್ರಶ್ನೆ. ಖಾಲಿ ಮಾಡಿ ಹೋಗುವವರು ಆ ಆರ್‌ಆರ್ ಸಂಖ್ಯೆಯಿಂದ ತಮ್ಮ ಆಧಾರ್ ಬಿಡಿಸಿಕೊಂಡು ಹೋಗುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಹೊಸಬರ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ.

ಸಂಪಿನ ಮೋಟಾರು, ಮೆಟ್ಟಿಲ ದೀಪ ಯಾರ ಮೀಟರಿನಲ್ಲಿವೆ? ಬಾಡಿಗೆದಾರರ ಮೀಟರಿನಲ್ಲಿದ್ದರೆ ಇವತ್ತೇ ಬದಲಿಸಿ. ನೀರಿಗೆ ತಲೆಗಿಷ್ಟು ಎಂದು ಹಂಚಿದರೆ ‘ನಮ್ಮನೇಲಿ ಮೂರೇ ಜನ’ ಎಂಬ ತಕರಾರು ತಪ್ಪದು. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪ್ರತಿ ಮನೆಯ ಪೈಪಿಗೂ ಒಂದು ಚಿಕ್ಕ ನೀರಿನ ಮೀಟರು ಹಾಕಿಸಿ, ತಿಂಗಳ ಒಂದನೇ ತಾರೀಖು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾದು ನಿಂತವರಿಗೆ ಗೊತ್ತು: ಟ್ಯಾಂಕರ್ ಖರ್ಚು ಯಾರದು ಎಂದು ಮೊದಲೇ ಬರೆದಿಡದ ಮನೆಗಳಲ್ಲೇ ಆಗ ರಂಪಾಟ ಜಾಸ್ತಿ.

ಬಾಡಿಗೆ ಎಷ್ಟು, ಯಾವಾಗ

ನಿಮ್ಮ ಮನೆಗೆ ಎಷ್ಟು ಬಾಡಿಗೆ ಎಂದು ಆ್ಯಪ್ ನೋಡಿ ತೀರ್ಮಾನಿಸಬೇಡಿ. ಅಲ್ಲಿರುವುದು ಕೇಳಿದ ಬಾಡಿಗೆ, ಕೊಟ್ಟ ಬಾಡಿಗೆಯಲ್ಲ. ನಿಮ್ಮ ಕ್ರಾಸಿನಲ್ಲಿ ಟು-ಲೆಟ್ ಬೋರ್ಡು ಬೇಗ ಇಳಿದ ಮೂರು ಮನೆಯವರನ್ನು ಕೇಳಿ. ಇಸ್ತ್ರಿ ಅಂಗಡಿಯವರಿಗೆ ಎಲ್ಲ ಬ್ರೋಕರ್‌ಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

15,000ಕ್ಕೆ ಹೋಗುವ ಮನೆಯನ್ನು 16,000 ಬರಲಿ ಎಂದು ಒಂದು ತಿಂಗಳು ಖಾಲಿ ಇಟ್ಟುಕೊಂಡರೆ ಆ ನಷ್ಟ ತುಂಬಲು ಹದಿನೈದು ತಿಂಗಳು ಬೇಕು. ಅಷ್ಟರಲ್ಲಿ ಕರಾರೇ ಮುಗಿದಿರುತ್ತದೆ.

ಆಷಾಢ ನೆನಪಿಡಿ. ನಮ್ಮ ಜನ ಆಷಾಢದಲ್ಲಿ ಹಾಲು ಉಕ್ಕಿಸುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಶುರುವಾಗುವ ಮೊದಲು ಮನೆ ಹುಡುಕುವವರ ಸಾಲು. ಆಷಾಢ ಬಂತೆಂದರೆ ಬೋರ್ಡು ಗಾಳಿಗೆ ಅಲ್ಲಾಡುತ್ತಾ ಇರುತ್ತದೆ. ಪಿಜಿ ಬಿಟ್ಟು ಬರುವ ಹುಡುಗರಿಗೆ, ಹೊರರಾಜ್ಯದವರಿಗೆ ಇದರ ಹಂಗಿಲ್ಲ, ಆದರೆ ಸಂಸಾರಸ್ಥರೇ ಬೇಕು ಎನ್ನುವವರು ಪಂಚಾಂಗ ನೋಡಲೇಬೇಕು. ಹನ್ನೊಂದು ತಿಂಗಳ ಕರಾರು ವರ್ಷ ವರ್ಷವೂ ಒಂದೊಂದು ತಿಂಗಳು ಹಿಂದಕ್ಕೆ ಸರಿಯುತ್ತದೆ. ಅದರ ಕೊನೆ ಜೂನ್ ಅಂತ್ಯಕ್ಕೋ ಜುಲೈಗೋ ಬಂದು ನಿಲ್ಲುವುದಾದರೆ ಆ ಸಲ ಒಂಬತ್ತು ತಿಂಗಳಿಗೆ ಬರೆಸಿ. ಈ ಒಂದು ಉಪಾಯದಿಂದ ನನಗೆ ಖಾಲಿ ಬಿದ್ದ ತಿಂಗಳು ಎಷ್ಟೋ ಕಮ್ಮಿಯಾದವು.

ಯಾರಿಗೆ ಕೊಡುವುದು

‘ನೀವು ಯಾವ ಜನ?’, ‘ಮಾಂಸ ತಿಂತೀರಾ?’ ಎಂದು ಗೇಟಿನಲ್ಲೇ ನಿಲ್ಲಿಸಿ ಕೇಳುವ ಓನರ್‌ಗಳು ನಮ್ಮ ಬೀದಿಯಲ್ಲೂ ಇದ್ದಾರೆ. ಅದು ಸರಿಯಲ್ಲ ಎನ್ನುವುದು ಒಂದು ಕಡೆ ಇರಲಿ, ವ್ಯಾಪಾರಕ್ಕೂ ನಷ್ಟ. ಬಂದವರಲ್ಲಿ ಅರ್ಧ ಜನರನ್ನು ಬಾಡಿಗೆ ಕಟ್ಟುವ ಶಕ್ತಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ವಾಪಸ್ ಕಳಿಸಿದ ಹಾಗಾಯಿತು. ಹತ್ತಾರು ವರ್ಷದಲ್ಲಿ ನನಗೆ ಬಾಡಿಗೆ ಬಾಕಿ ಉಳಿಸಿ ಹೋದದ್ದು ಒಬ್ಬರೇ, ಅವರು ನಮ್ಮ ಊರಿನವರು, ನಮ್ಮ ಪೈಕಿಯವರು.

ಕೇಳಬೇಕಾದ್ದು ಬೇರೆ: ಎಲ್ಲಿ ಕೆಲಸ, ಎಷ್ಟು ಜನ, ಎಷ್ಟು ಗಾಡಿ, ಈಗಿರುವ ಮನೆ ಯಾಕೆ ಬಿಡುತ್ತಿದ್ದೀರಿ. ಕೊನೆಯ ಪ್ರಶ್ನೆಗೆ ಹಳೆಯ ಓನರನ್ನು ಬಾಯಿತುಂಬ ಬೈಯುವವರಾದರೆ ಮುಂದಿನ ಸರದಿ ನಿಮ್ಮದು. ಹಳೆಯ ಓನರ್‌ಗೊಂದು ಫೋನ್ ಮಾಡಿ. ಈಗಿರುವವರಲ್ಲ, ಅದಕ್ಕೂ ಹಿಂದಿನವರಿಗೆ. ಈಗಿನವರು ಕಾಟ ತಪ್ಪಿದರೆ ಸಾಕೆಂದು ಹೊಗಳಿಯಾರು! ಆಧಾರ್ ಪ್ರತಿ, ಕೆಲಸದ ಗುರುತುಚೀಟಿ, ಊರಿನ ವಿಳಾಸ ಪಡೆದು ಬಾಡಿಗೆದಾರರ ವಿವರವನ್ನು ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಕರಾರು ಪತ್ರ

ಹನ್ನೊಂದು ತಿಂಗಳೇ ಏಕೆ? ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದನ್ನು ತಪ್ಪಿಸಲು ಹನ್ನೊಂದು. ಇದು ಕಾನೂನುಬಾಹಿರವೇನಲ್ಲ. ಆದರೆ ನೋಟರಿ ಸೀಲನ್ನೇ ನೋಂದಣಿ ಎಂದುಕೊಳ್ಳಬೇಡಿ, ಎರಡೂ ಬೇರೆ. ಮುದ್ರಾಂಕ ಶುಲ್ಕವನ್ನೂ ಬಾಡಿಗೆ, ಅಡ್ವಾನ್ಸ್ ಎರಡನ್ನೂ ಲೆಕ್ಕ ಹಾಕಿ ಸರಿಯಾಗಿ ಕಟ್ಟಿ. ಕಡಿಮೆ ಬೆಲೆಯ ಇ-ಸ್ಟಾಂಪ್ ಕಾಗದದ ಮೇಲೆ ಬರೆದ ಕರಾರನ್ನು ಕೋರ್ಟಿನಲ್ಲಿ ಹಾಜರುಪಡಿಸುವ ಹೊತ್ತಿಗೆ ಕೊರತೆಯ ಹತ್ತು ಪಟ್ಟು ದಂಡ ಬೀಳಬಹುದು.

ಬಾಂಡ್ ಬರೆಯುವವರ ಕಂಪ್ಯೂಟರಿನಲ್ಲಿ ಒಂದೇ ಮಾದರಿ ಇರುತ್ತದೆ. ಹೆಸರು ಬದಲಿಸಿ ಮುದ್ರಿಸುತ್ತಾರೆ. ನನ್ನ ಒಂದು ಕರಾರಿನಲ್ಲಿ ಇಲ್ಲದ ಕಾರ್ ಪಾರ್ಕಿಂಗನ್ನು ನಾನೇ ಕೊಟ್ಟ ಹಾಗೆ ಸಹಿ ಹಾಕಿದ್ದೆ. ಓದಿ, ಇವು ಇವೆಯೇ ನೋಡಿ:

– ಬಾಡಿಗೆ ಎಷ್ಟನೇ ತಾರೀಖಿನೊಳಗೆ, ಯಾವ ಖಾತೆಗೆ. ನೀರು, ಕಸ, ಟ್ಯಾಂಕರ್ ಯಾರ ಪಾಲು
– ಎರಡೂ ಕಡೆಗೆ ಒಂದೇ ನೋಟಿಸ್ ಅವಧಿ, ಒಂದು ಅಥವಾ ಎರಡು ತಿಂಗಳು
– ಹನ್ನೊಂದು ತಿಂಗಳ ಮೇಲೆ ಏರಿಕೆ ಶೇಕಡಾ ಎಷ್ಟು (ಉಳಿಸಿಕೊಳ್ಳಬೇಕಾದ ಬಾಡಿಗೆದಾರರಿಗೆ ನಾನು 5 ದಾಟುವುದಿಲ್ಲ)
– ಅಡ್ವಾನ್ಸ್‌ನಲ್ಲಿ ಏನನ್ನು ಮುರಿದುಕೊಳ್ಳಬಹುದು, ಎಷ್ಟು ದಿನದೊಳಗೆ ವಾಪಸ್
– ಫ್ಯಾನು, ಗೀಸರ್, ನಲ್ಲಿ, ಬೀಗದ ಕೈ ಎಲ್ಲದರ ಪಟ್ಟಿ

ಕರಾರು ಮುಗಿದ ಮೇಲೂ ಸುಮ್ಮನೆ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳ ಬಾಡಿಗೆಯಾಗಿಬಿಡುತ್ತದೆ. ಅದರಿಂದ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಏರಿಕೆ, ನೋಟಿಸ್ ಎಲ್ಲ ಚರ್ಚೆಗೆ ಬೀಳುತ್ತವೆ. ‘ಹತ್ತು ವರ್ಷ ಇದ್ದರೆ ಮನೆ ಅವರದೇ ಆಗುತ್ತಂತೆ’ ಎಂಬ ಹೆದರಿಕೆಗೆ ಬುಡವಿಲ್ಲ. ಬಾಡಿಗೆ ಕಟ್ಟಿಕೊಂಡು ಇರುವವರು ನಿಮ್ಮ ಒಪ್ಪಿಗೆಯ ಮೇಲೆ ಇರುವವರು. ಇದ್ದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ. ಬಾಡಿಗೆ ನಿಯಂತ್ರಣದ ಹಳೆಯ ಭಯವೂ ಅಷ್ಟೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಗೆ ಮಾತ್ರ ಅನ್ವಯ. ಆ ಬಾಡಿಗೆಗೆ ಇವತ್ತು ಬೆಂಗಳೂರಿನಲ್ಲಿ ಗಾಡಿ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು.

ಅಡ್ವಾನ್ಸ್ ನಿಮ್ಮ ಹಣವಲ್ಲ

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ವಾಡಿಕೆಯಾಗಿತ್ತು. ಈಗ ಐದು, ಆರಕ್ಕೆ ಇಳಿದ ಬಡಾವಣೆಗಳೂ ಉಂಟು. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ, ಆದರೆ ಅದು ಮಾದರಿ. ರಾಜ್ಯ ತನ್ನದಾಗಿ ಜಾರಿಗೆ ತಂದರೆ ಮಾತ್ರ ಕಟ್ಟುಪಾಡು.

ಓನರ್‌ಗಳು ಹೆಚ್ಚು ಅಡ್ವಾನ್ಸ್ ಕೇಳುವುದು ಭದ್ರತೆಗೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಬಹುಪಾಲು ಜನರಿಗೆ ಅದು ಬಡ್ಡಿಯಿಲ್ಲದ ಸಾಲ. ಮಗಳ ಫೀಸಿಗೆ, ಕಾರಿನ ಕಂತಿಗೆ, ಮೇಲಿನ ಅಂತಸ್ತಿಗೆ ಹೋಗುತ್ತದೆ. ಬಾಡಿಗೆದಾರರು ಬಿಡುತ್ತೇವೆಂದ ದಿನ ಇವರು ಹೊಸಬರು ಬಂದು ಅಡ್ವಾನ್ಸ್ ಕೊಡಲಿ, ಅದರಲ್ಲಿ ಕೊಡೋಣ ಎಂದು ಕಾಯುತ್ತಾರೆ. ಕಾಯುವಾಗ ಗೋಡೆಯ ಮೇಲಿನ ಪ್ರತಿ ಮೊಳೆಯ ತೂತೂ ದೊಡ್ಡದಾಗಿ ಕಾಣತೊಡಗುತ್ತದೆ. ಬಣ್ಣದ ಖರ್ಚು, ನಲ್ಲಿ ಖರ್ಚು ಎಂದು ಮುರಿದುಕೊಳ್ಳುವ ಆಸೆಯ ಹಿಂದೆ ಮುಕ್ಕಾಲು ಪಾಲು ಇರುವುದು ಕೈಯಲ್ಲಿ ಹಣವಿಲ್ಲದ ಮುಜುಗರ.

ನಾನು ಕಲಿತದ್ದು ಇಷ್ಟು: ಬಂದ ವಾರದಲ್ಲೇ ಅಡ್ವಾನ್ಸನ್ನು ಬೇರೆ ನಿಶ್ಚಿತ ಠೇವಣಿಯಲ್ಲಿಡಿ, ಮೇಲೆ ಮನೆಯ ಸಂಖ್ಯೆ ಬರೆದಿಡಿ. 12,000 ಬಾಡಿಗೆಯ ಮನೆಗೆ ಐದು ತಿಂಗಳೆಂದರೆ 60,000. ವರ್ಷಕ್ಕೆ ಬರುವ ಬಡ್ಡಿ ದೊಡ್ಡದಲ್ಲ, ಆದರೆ ಮೂರ್ನಾಲ್ಕು ವರ್ಷದ ಬಡ್ಡಿಯಲ್ಲಿ ಒಂದು ಸಲ ಸುಣ್ಣಬಣ್ಣ ಆಗುತ್ತದೆ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ನಮ್ಮಲ್ಲಿ ರೂಢಿ. ವರ್ಷದೊಳಗೆ ಬಿಟ್ಟು ಹೋಗುವವರಿಂದ ಹಿಡಿಯಿರಿ, ಕರಾರಿನಲ್ಲಿದ್ದರೆ ಸರಿ. ಮೂರು ವರ್ಷ ಸಂಸಾರ ಮಾಡಿದವರಿಂದ ಹಿಡಿಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಬಣ್ಣ ಮಾಸುವುದು ವಾಸದ ಲಕ್ಷಣ.

ಇದೇ ತಪ್ಪಿನ ದೊಡ್ಡ ರೂಪ ಭೋಗ್ಯ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ತೆಗೆದುಕೊಂಡು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವುದು. ಆ ಹಣದಿಂದ ದುಬಾರಿ ಬಡ್ಡಿಯ ಸಾಲ ತೀರಿಸುತ್ತೀರಾದರೆ ಲೆಕ್ಕಕ್ಕೆ ಕೂಡುತ್ತದೆ. ಆದರೆ ಮೂರು ವರ್ಷದ ಕೊನೆಗೆ ಅಷ್ಟೂ ಲಕ್ಷ ಒಂದೇ ದಿನ ಎಣಿಸಬೇಕು, ಬಾಡಿಗೆಯ ಆದಾಯವೂ ಬಂದಿರುವುದಿಲ್ಲ. ಭೋಗ್ಯಕ್ಕೆ ಕೊಡುವುದೇ ಆದರೆ ನೋಂದಾಯಿಸಿ, ಹಣ ಬ್ಯಾಂಕಿನ ಮೂಲಕವೇ ಬರಲಿ. ನಡುವೆ ನಿಂತು ‘ಮನೆ ನಮಗೆ ಬಾಡಿಗೆಗೆ ಕೊಡಿ, ತಿಂಗಳು ತಿಂಗಳು ನಾವೇ ಕಟ್ಟುತ್ತೇವೆ’ ಎನ್ನುವ ಕಂಪನಿಗಳಿಂದ ದೂರವಿರಿ. ನಿಮಗೆ ಬಾಡಿಗೆ ಎಂದು ಹೇಳಿ, ಒಳಗೆ ಬಂದ ಸಂಸಾರದಿಂದ ಭೋಗ್ಯದ ಲಕ್ಷಗಳನ್ನು ಪಡೆದು ಕಣ್ಮರೆಯಾದವರ ಕತೆ ಬೆಂಗಳೂರಿನಲ್ಲಿ ಹೊಸದಲ್ಲ. ಕೊನೆಗೆ ನಿಮ್ಮ ಗೇಟಿನ ಎದುರು ಅಳುತ್ತಾ ನಿಲ್ಲುವವರು ಆ ಸಂಸಾರದವರು.

ತೆರಿಗೆ

ಬಾಡಿಗೆ ಆದಾಯವನ್ನು ಮುಚ್ಚಿಡುವ ಕಾಲ ಮುಗಿಯಿತು. ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕಟ್ಟಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ಉದ್ಯೋಗಿ ನಿಮ್ಮ ಪ್ಯಾನ್ ಕೊಡಲೇಬೇಕು. ಹೆದರಬೇಕಾದ್ದೂ ಇಲ್ಲ. ಎರಡು ಮನೆಯಿಂದ ವರ್ಷಕ್ಕೆ 2,88,000 ಬಂದಿದೆ ಎನ್ನಿ. ಅದೇ ವರ್ಷ ಕಟ್ಟಿದ ಆಸ್ತಿ ತೆರಿಗೆ 8,000 ಕಳೆದರೆ 2,80,000. ಅದರಲ್ಲಿ ಶೇ. 30, ಅಂದರೆ 84,000, ರಸೀದಿ ತೋರಿಸದೆಯೇ ಕಳೆಯಬಹುದು. ಉಳಿದ 1,96,000 ಮಾತ್ರ ನಿಮ್ಮ ಬೇರೆ ಆದಾಯದ ಜೊತೆ ಸೇರುತ್ತದೆ. ಆ ಮನೆಗೆ ಸಾಲವಿದ್ದರೆ ಬಡ್ಡಿಯೂ ಕಳೆಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆಗಿಂತ ಹೆಚ್ಚಾದ ಬಡ್ಡಿಯ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ.

ಆಸ್ತಿ ತೆರಿಗೆಯಲ್ಲಿ ಬಾಡಿಗೆ ಮನೆಯನ್ನು ‘ಸ್ವಂತ ವಾಸ’ ಎಂದು ತೋರಿಸಿ ಉಳಿಸುವವರಿದ್ದಾರೆ. ಒಂದೇ ಸೈಟಿನಲ್ಲಿ ಮೂರು ಕರೆಂಟ್ ಮೀಟರು ಇಟ್ಟುಕೊಂಡು ಈ ಸುಳ್ಳು ಎಷ್ಟು ದಿನ ನಡೆದೀತು? ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಸಿಗುವ ಶೇ. 5ರ ರಿಯಾಯಿತಿ ನೇರವಾದ ಉಳಿತಾಯ.

ಹೊರದೇಶದಲ್ಲಿದ್ದು ಅನಿವಾಸಿಯಾದವರಿಗೆ ನಿಯಮ ಬೇರೆ. ಅವರಿಗೆ ಬಾಡಿಗೆ ಕಟ್ಟುವವರು ಮೂಲದಲ್ಲೇ ಸುಮಾರು ಶೇ. 31 ತೆರಿಗೆ ಹಿಡಿಯಬೇಕು. ಮಾಲೀಕರು ರಿಟರ್ನ್ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸ್ ಪಡೆಯಬಹುದು. ಮೈಸೂರಿನ ಮನೆಯ ಬಾಡಿಗೆಯನ್ನು ಅಣ್ಣನ ಖಾತೆಗೆ ಹಾಕಿಸಿ ಸುಮ್ಮನಿರುವ ಸ್ನೇಹಿತರಿಗೆ ನಾನು ಹೇಳುವುದಿಷ್ಟೆ: ಒಬ್ಬ ಲೆಕ್ಕಪರಿಶೋಧಕರನ್ನು ಹಿಡಿಯಿರಿ.

ಬಾಡಿಗೆ ನಿಂತರೆ

ಮೊದಲ ತಿಂಗಳು ಮಾತಾಡಿ. ಆಸ್ಪತ್ರೆ, ಕೆಲಸ ಹೋದದ್ದು, ನಿಜವಾದ ಕಷ್ಟವೂ ಇರುತ್ತದೆ. ಎರಡನೆಯ ತಿಂಗಳು ಬರಹದಲ್ಲಿ ಕೇಳಿ, ವಾಟ್ಸಾಪ್ ಆದರೂ ಸರಿ. ಅಡ್ವಾನ್ಸ್ ಇನ್ನೂ ಎರಡು ತಿಂಗಳಿನಷ್ಟು ಉಳಿದಿರುವಾಗಲೇ ವಕೀಲರಿಂದ ನೋಟಿಸ್ ಕೊಡಿಸಿ. ಪೂರ್ತಿ ಕರಗಿದ ಮೇಲೆ ಎಚ್ಚೆತ್ತರೆ ಪ್ರಯೋಜನವಿಲ್ಲ. ತಿಂಗಳ ಬಾಡಿಗೆಗೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಹದಿನೈದು ದಿನದ ನೋಟಿಸ್ ಸಾಕು. ಅದರ ನಂತರ ದಾರಿ ನ್ಯಾಯಾಲಯದ್ದೇ.

ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು, ಸಾಮಾನು ಬೀದಿಗೆ ಹಾಕುವುದು ಬೇಡ. ಕೋಪದಲ್ಲಿ ನ್ಯಾಯವೆನಿಸಬಹುದು, ಕಾನೂನಿನಲ್ಲಿ ಅಲ್ಲ. ಹಾಗೆ ಹೊರದೂಡಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಬಾಕಿ ಉಳಿಸಿದ ನನ್ನ ಆ ಊರಿನವರ ವಿಷಯದಲ್ಲಿ ನಾನು ಎರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟು, ಲಾರಿ ಬಾಡಿಗೆ ಕೊಟ್ಟು ಕಳಿಸಿದೆ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಕೋರ್ಟಿಗೆ ಅಲೆಯುವ ಖರ್ಚಿನ ಮುಂದೆ ಅದು ಅಗ್ಗವೇ ಆಯಿತು.

ಖಾಲಿ ಮಾಡುವ ದಿನ

ಮನೆ ಬಿಡುವ ವಾರ ಮುಂಚೆ ಬಾಡಿಗೆದಾರರ ಜೊತೆಯಲ್ಲೇ ಒಂದು ಸುತ್ತು ಹಾಕಿ, ಬಂದ ದಿನ ತೆಗೆದ ವಿಡಿಯೋ ಇಬ್ಬರೂ ನೋಡಿ, ಏನು ಮುರಿದಿದೆ ಎಂದು ಅಲ್ಲೇ ಬರೆದುಕೊಳ್ಳಿ. ಕೊನೆಯ ಕರೆಂಟ್ ಬಿಲ್ಲು, ನೀರಿನ ಮೀಟರಿನ ಫೋಟೋ, ಗೃಹಜ್ಯೋತಿಯಿಂದ ಆಧಾರ್ ಬಿಡಿಸಿದ್ದು, ಗ್ಯಾಸ್ ಮತ್ತು ಬ್ಯಾಂಕಿನ ವಿಳಾಸ ಬದಲಾವಣೆ. ಲಾರಿ ಬಂದು ನಿಂತ ಹೊತ್ತಿಗೆ ಮುರಿದುಕೊಂಡದ್ದರ ಚೀಟಿ ಕೈಗೆ ಕೊಟ್ಟು ಉಳಿದ ಹಣ ಅವರ ಖಾತೆಗೆ ಹಾಕಿ, ಬೀಗದ ಕೈ ಪಡೆಯಿರಿ. ನಮ್ಮ ಮೇಲಿನ ಮನೆಗೆ ಈಗ ಇರುವವರು ಬಂದದ್ದು ಹಾಗೆಯೇ: ಹಿಂದಿನವರು ಹೋಗುವಾಗ ಆಫೀಸಿನಲ್ಲಿ ‘ಓನರ್ ಅಡ್ವಾನ್ಸ್ ಅವತ್ತೇ ಕೊಟ್ಟರು’ ಎಂದಿದ್ದರಂತೆ. ಟು-ಲೆಟ್ ಬೋರ್ಡು ಅಟ್ಟದ ಮೇಲೆಯೇ ಉಳಿಯಿತು.